ಓಡಿಹೋದವನ ಹಾದಿಯಲ್ಲಿ ನಮ್ಮ ಮಿನಿ ಬಸ್ಸು

ಇತಿಹಾಸ ಒಮ್ಮೆ ಮಾತ್ರ ನಡೆಯುತ್ತದೆ. ಅದನ್ನು ತೋರಿಸಲು ಹೋದವರ ಫಜೀತಿ ಮಾತ್ರ ಪ್ರತಿ ಭಾನುವಾರ ನಡೆಯುತ್ತದೆ. ಆಳಂದದಿಂದ ಇಜೇರಿಯವರೆಗೆ ಬಸ್ಸಿನಲ್ಲಿ ಜನರನ್ನು ಕೂಡಿಸಿಕೊಂಡು ಹೋಗಿ ಕಥೆ ಹೇಳುವ ಗೈಡ್ ನಾನು. ಹೀಗೆ ಬರೆಯುತ್ತಿರುವುದು ಇದೇ ಮೊದಲು. ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಅಂಜಿಕೆ ಇರುವುದರಿಂದ ಮೊದಲಿಗೆ ಎಲ್ಲ ಬಿಡಿಸಿ ಹೇಳಿಬಿಡುತ್ತೇನೆ.

ಇದು ನಮ್ಮ ಮಾಸ್ತರ ತಲೆಯಿಂದ ಹುಟ್ಟಿದ ಕೆಲಸ. ಮಾಸ್ತರು ಅಂದರೆ ಹೈಸ್ಕೂಲಿನಲ್ಲಿ ನನಗೆ ಸಮಾಜ ವಿಜ್ಞಾನ ಕಲಿಸಿದವರು, ಈಗ ನಿವೃತ್ತರು. ಅಮೆರಿಕದಲ್ಲಿ ಹಿಂದೆ ಒಬ್ಬ ಅಧ್ಯಕ್ಷರನ್ನು ಗುಂಡಿಟ್ಟು ಕೊಂದವನು ಕುದುರೆ ಹತ್ತಿ ಓಡಿದ ಹಾದಿಯಲ್ಲಿ ಇವತ್ತಿಗೂ ಜನರನ್ನು ಬಸ್ಸಿನಲ್ಲಿ ಸುತ್ತಿಸುತ್ತಾರಂತೆ. ಅದನ್ನು ಎಲ್ಲೋ ಓದಿದ ಮಾಸ್ತರು ಸೀದಾ ನಮ್ಮ ಮನೆಗೆ ಬಂದು, "ಯವ್ವಾ, ನಮ್ಮ ಕಡಿ ಏನ್ ಕಮ್ಮಿ ಅದ? ನಮ್ಮಲ್ಲೂ ಒಬ್ಬ ಓಡ್ಯಾನ!" ಎಂದರು.

ಓಡಿದವನ ಕಥೆ ಇಷ್ಟೇ. ನಿಜಾಮರ ಕಾಲದಲ್ಲಿ ಆಳಂದದ ಕಡೆ ಜನರನ್ನು ಗೋಳು ಹೊಯ್ದುಕೊಂಡಿದ್ದ ಒಬ್ಬ ದೊಡ್ಡ ಅಧಿಕಾರಿಯನ್ನು ಯಾರೋ ಗುಂಡಿಟ್ಟು ಕೊಂದ. ಕೊಂದವನು ಅಫಜಲಪುರ, ಗಾಣಗಾಪುರದ ಮೇಲೆ ಹಾಯ್ದು, ಭೀಮಾ ದಾಟಿ, ಜೇವರ್ಗಿ ಸೀಮೆಯ ಇಜೇರಿಯಲ್ಲಿ ಅಡಗಿದ. ಸಿಗಲೇ ಇಲ್ಲ. ಇದು ಪುಸ್ತಕದಲ್ಲಿಲ್ಲ, ಜನರ ಬಾಯಲ್ಲಿದೆ. ಅವನ ಹೆಸರು ಒಂದೊಂದು ಊರಿಗೆ ಒಂದೊಂದು. ಜಗಳ ಬೇಡವೆಂದು ನಾವು "ಅಂವ" ಎಂದಷ್ಟೇ ಹೇಳುತ್ತೇವೆ.

ಬಸ್ಸು ನಮ್ಮ ಡ್ರೈವರ್ ಚಾಚಾ ಅವರ ಸ್ವಂತದ್ದು. ಅವರು ಶುರುವಿನಲ್ಲೇ ಒಂದು ಶರತ್ತು ಹಾಕಿದ್ದರು. "ನೋಡವ್ವಾ ಬೇಟಿ, ಪ್ರವಾಸ ಇಲಾಖೆ ಸಾಹೇಬ್ರು ಬಂದು ನೋಡಿ ಹೂಂ ಅಂದ್ರ ಸೈ. ಅವ್ರು ಉಹೂಂ ಅಂದ್ರ ನನ್ನ ಗಾಡಿ ಶಾದಿ ದಿಬ್ಬಣಕ್ಕ ಹೋಗತದ. ಅಲ್ಲಿ ಬಿರ್ಯಾನಿನಾದ್ರೂ ಸಿಗತದ." ಹೀಗಾಗಿ ನನ್ನ ಕೆಲಸವೆಲ್ಲ ಆ ಸಾಹೇಬರ ಒಂದು ಹೂಂ ಮೇಲೆ ನಿಂತಿತ್ತು.

ಅಂವ ಉಂಡ ಮನೆಗಳು

ಮೊದಲು ನಮಗಿದ್ದ ಚಿಂತೆ ಅಂದರೆ, ಕೊಲೆ ಮಾಡಿ ಓಡಿದವನು ನಮ್ಮ ಮನೆಗೆ ಬಂದಿದ್ದ ಅಂತ ಯಾರು ಒಪ್ಪಿಕೊಂಡಾರು ಎಂಬುದು. ಆದದ್ದು ಉಲ್ಟಾ. ಹಾದಿಯ ಪ್ರತಿಯೊಂದು ಮನೆಯವರೂ "ಅಂವ ನಮ್ಮಲ್ಲೇ ಉಂಡಾನ" ಎನ್ನತೊಡಗಿದರು. ಒಂದು ಮನೆ ಮಾತ್ರ ಹಾಗೆನ್ನಲಿಲ್ಲ. ಅದರ ವಿಷಯ ಕೊನೆಗೆ ಬರುತ್ತದೆ.

ಬಾಯಿಮಾತಿನಲ್ಲಿ ಹೇಳಿ ಬಿಟ್ಟರೆ ನಡೆಯುತ್ತಿತ್ತು. ಆದರೆ ನಮ್ಮ ಕಡೆ ಮನೆ ಬಾಗಿಲಿಗೆ ಬಂದವರನ್ನು ಬರಿ ಹೊಟ್ಟೆಯಲ್ಲಿ ಕಳಿಸುವುದಿಲ್ಲ. ಆಳಂದ ಬಿಡುವ ಮೊದಲೇ ಒಂದು ಮನೆಯಲ್ಲಿ ಮಂಡಕ್ಕಿ ಒಗ್ಗರಣೆಯ ಸುಸಲಾ, ಮಿರ್ಚಿ. "ಅಂವ ಇದನ್ನೇ ತಿಂದು ಹೋದ್ರಿ, ನೀವೂ ತಿನ್ರಿ." ಮುಂದಿನ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅದರಾಚೆ ಮನೆಯವಳು ಹಿಂದಿನ ಮನೆಯ ಮೇಲಿನ ಹಟಕ್ಕೆ ಹೋಳಿಗೆಯನ್ನೇ ಮಾಡಿ ಕಾಯುತ್ತಿದ್ದಳು. ನಾನು ಗಾಬರಿಯಾಗಿ, "ಯಕ್ಕಾ, ಹಿಂದ ಪೊಲೀಸರು ಬೆನ್ ಹತ್ಯಾರ, ಹೋಳಿಗಿ ತಿನ್ಕೋತ ಕುಂದ್ರತಾನೇನ್ರಿ?" ಎಂದು ಕೇಳಿದೆ.

"ಬರೇ ಹೋಳಿಗಿ ಅಲ್ಲವ್ವಾ, ಮ್ಯಾಲ ತುಪ್ಪ ಕೇಳಿ ಹಾಕಿಸ್ಕೊಂಡಾನ," ಎಂದಳು ಆಕೆ.

ಬಸ್ಸಿನಲ್ಲಿದ್ದ ಒಬ್ಬ ಹಿರಿಯರು ಧೋತರದ ಗಂಟು ಸಡಿಲ ಮಾಡಿಕೊಳ್ಳುತ್ತ ನನ್ನ ಕಡೆ ಬಾಗಿ ಕೇಳಿದರು. "ಅಲ್ರೀ ಅಕ್ಕಾರ, ಅಂವ ಕೊಲಿ ಮಾಡಿ ಓಡಿಹೋಗಿದ್ನೋ, ಬೀಗರ ಮನಿಗಿ ಹೋಗಿದ್ನೋ?"

ಮಾಸ್ತರು ಓಡಿದ್ದು

ಬರೀ ಮಾತು ಕೇಳಿದರೆ ಜನ ತೂಕಡಿಸುತ್ತಾರೆ, ಓಡಿ ತೋರಿಸಬೇಕು ಎಂದು ಮಾಸ್ತರಿಗೆ ಒಮ್ಮೆ ಅನ್ನಿಸಿತು. ಬೇರೆ ಯಾರೂ ಒಪ್ಪದ್ದರಿಂದ ತಾವೇ ಕಂಬಳಿ ಹೊದ್ದು ಅಫಜಲಪುರದ ಬಜಾರಿನಲ್ಲಿ ಇಳಿದರು. ಇಲ್ಲಿ ಒಂದು ಮಾತು ಹೇಳಬೇಕು. ಮಾಸ್ತರು ಕೆಲಸ ಮಾಡಿದ್ದು ಅಫಜಲಪುರದಲ್ಲೇ. ಅಂದರೆ ಬಜಾರಿನ ಅರ್ಧ ಅಂಗಡಿಗಳಲ್ಲಿ ಕೂತವರು ಅವರ ಕೈಯಲ್ಲಿ ಏಟು ತಿಂದವರೇ.

ನಾನು ಬಸ್ಸಿನ ಕಿಟಕಿಯಿಂದ, "ಅಗೋ ನೋಡ್ರಿ, ಅಂವ ಓಡಾಕತ್ತಾನ!" ಎಂದು ಕೂಗಿದೆ. ಮಾಸ್ತರು ಓಡಿದರು. ಕಿರಾಣಿ ಅಂಗಡಿಯ ಒಬ್ಬ ಹಳೆಯ ಶಿಷ್ಯ ತಕ್ಕಡಿ ಬಿಟ್ಟು ಎದ್ದ. "ಸರ್! ಯಾಕ್ರೀ ಸರ್? ಯಾರ್ ಬೆನ್ ಹತ್ಯಾರ್ರಿ?"

ಮಾಸ್ತರು ಪಾತ್ರದೊಳಗೆ ಇಳಿದುಬಿಟ್ಟಿದ್ದರು. ಹಿಂದೆ ಬರುತ್ತಿದ್ದ ನಮ್ಮ ಬಸ್ಸಿಗೆ ಬೆರಳು ತೋರಿಸಿ ಮತ್ತೂ ಜೋರಾಗಿ ಓಡಿದರು. ಶಿಷ್ಯ ಮುಂದೆ ಏನೂ ಕೇಳಲಿಲ್ಲ. ತನ್ನ ಬೈಕು ಚಾಲೂ ಮಾಡಿ, ಗುರುಗಳನ್ನು ಹಿಂದೆ ಎತ್ತಿ ಕೂಡಿಸಿಕೊಂಡು, ಓಣಿಯಲ್ಲಿ ಮಾಯವಾದ. ನಮ್ಮ ಕಡೆಯವರ ಗುಣವೇ ಹಾಗೆ. ಓಡುವವನನ್ನು ಕಂಡರೆ ಮೊದಲು ಬಚಾವು ಮಾಡುತ್ತಾರೆ, ಯಾಕೆ ಓಡುತ್ತಿದ್ದ ಎಂಬುದನ್ನು ಚಹಾ ಕುಡಿಸುವಾಗ ಕೇಳುತ್ತಾರೆ.

ಮಾಸ್ತರ ಫೋನು ಬಸ್ಸಿನಲ್ಲೇ ಉಳಿದಿತ್ತು. ಹುಡುಕಿ ಸಾಕಾದ ಮೇಲೆ, ಊರ ಹೊರಗಿನ ಕಬ್ಬಿನ ಹೊಲದೊಳಗೆ ಒಂದು ಕಂಬಳಿ ಕಂಡಿತು. ಮಾಸ್ತರು ಕಬ್ಬು ತಿನ್ನುತ್ತ ಕೂತಿದ್ದರು, ಬದುವಿನ ಮೇಲೆ ಶಿಷ್ಯ ಬಡಿಗೆ ಹಿಡಿದು ಕಾವಲು ನಿಂತಿದ್ದ. ನಮ್ಮನ್ನು ಒಳಗೆ ಬಿಡಲೊಲ್ಲ. ಕೊನೆಗೆ ಮಾಸ್ತರೇ ಎದ್ದು, "ಇದು ನಾಟಕಾಪಾ, ನಾಟಕ! ಅವಾಗಿಂದ ಅದನ್ನೇ ಹೇಳಾಕತ್ತೇನಿ" ಎಂದರು.

ಬಸ್ಸು ಹತ್ತಿ ಉಸಿರು ಬಿಡುತ್ತ ಅವರು ನನಗೆ ಹೇಳಿದ್ದು ಇಷ್ಟು. "ಸಾಲ್ಯಾಗೂ ಹಿಂಗೇ ಇದ್ದ. ಪ್ರಶ್ನಿ ಪೂರ್ತಿ ಓದದೇ ಉತ್ತರ ಬರೀತಿದ್ದ."

ಬೇವಿನ ಗಿಡ

ಗಾಣಗಾಪುರದಲ್ಲಿ ಭಕ್ತರ ಗದ್ದಲ ಬಹಳ. ದತ್ತಾತ್ರೇಯನ ದರ್ಶನ ಮುಗಿಸಿದವರು ನದಿಗೆ ಹೋಗಲು ಯಾವ ಗಾಡಿ ಕಂಡರೂ ಹತ್ತಿಬಿಡುತ್ತಾರೆ. ಒಂದು ದಿನ ನಮ್ಮ ಬಸ್ಸನ್ನೂ ಹಾಗೇ ಒಂದು ಕುಟುಂಬ ಹತ್ತಿತು. ಜೊತೆಗೆ ಒಬ್ಬ ಮುದುಕಿ, ಕೈಯಲ್ಲಿ ತೆಂಗಿನಕಾಯಿ. ಇವರು ನಮ್ಮ ಕಥೆ ಕೇಳಲು ಬಂದವರಲ್ಲ ಎಂಬುದು ನನ್ನ ಗಮನಕ್ಕೆ ಬರಲಿಲ್ಲ.

ನಾನು ಎಂದಿನಂತೆ ಶುರು ಮಾಡಿದೆ. ಅಂವ ಹಗಲು ರಾತ್ರಿ ನಿದ್ದೆಯಿಲ್ಲದೆ ನಡೆದ, ಮುಳ್ಳು ತುಳಿದ, ಭೀಮೆಯ ದಂಡೆಯ ಈ ಬೇವಿನ ಗಿಡದ ಕೆಳಗೆ ಹರಿಗೋಲಿಗಾಗಿ ಕಾದು ಕೂತ ಎಂದೆ. ಮುದುಕಿ ಕಣ್ಣು ಒರೆಸಿಕೊಂಡು ಕೈ ಮುಗಿದಳು. "ಎಂಥಾ ತಪಸ್ಸವ್ವಾ! ಮುಂದ ಅಂವ ಎಲ್ಲಿ ಐಕ್ಯ ಆದ?"

ನಾನು ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಕೆ ಇಳಿದು ಗಿಡದ ಬುಡಕ್ಕೆ ಕಾಯಿ ಒಡೆದುಬಿಟ್ಟಿದ್ದಳು. ಒಡೆದ ಕಾಯಿಯನ್ನು ನಾನು ವಾಪಸ್ ಹೇಗೆ ಕೂಡಿಸಲಿ?

ಮುಂದಿನ ಭಾನುವಾರ ಗಿಡಕ್ಕೆ ಕುಂಕುಮ. ಅದರ ಮುಂದಿನ ವಾರ ಬುಡಕ್ಕೆ ಒಂದು ಸಣ್ಣ ಕಟ್ಟೆ. ಆಮೇಲೊಂದು ದಿನ ನಾನು ಜನರನ್ನು ಕರೆದುಕೊಂಡು ಹೋಗಿ, "ಇಲ್ಲೇ ನೋಡ್ರಿ ಆ ಕೊಲೆಗಾರ..." ಎನ್ನುತ್ತಿದ್ದಂತೆ ಅಲ್ಲಿ ಊದಿನಕಡ್ಡಿ ಮಾರುತ್ತಿದ್ದವಳು ಗದರಿಸಿದಳು. "ಏ ಯವ್ವಾ, ನಾಲಿಗಿ ಹಿಡದು ಮಾತಾಡು! ಈ ಜಾಗಾದ ಮಹಿಮಾ ನಿನಗೇನು ಗೊತ್ತದ? ಮೊದಲ ಚಪ್ಪಲಿ ಬಿಡು!"

ಚಪ್ಪಲಿ ಬಿಟ್ಟೆ. ಡ್ರೈವರ್ ಚಾಚಾ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದರು. "ಬೇಟಿ, ಹರಕಿ ಹೊತ್ಕೋ. ಸಾಹೇಬ್ರು ಹೂಂ ಅಂತಾರ."

ಹೊತ್ತುಕೊಂಡೆ. ಮತ್ತೇನು ಮಾಡುವುದು?

ಸಾಹೇಬರು ಬಂದ ದಿನ

ಕೊನೆಗೂ ಇಲಾಖೆಯ ಸಾಹೇಬರು ಬಂದರು. ಮೈಸೂರು ಕಡೆಯವರು, ಮಾತು ಮೆದು, ಆದರೆ ಯಾವುದನ್ನೂ ನಂಬುವವರಲ್ಲ. "ಕಥೆ ಚೆನ್ನಾಗಿದೆ ಕಣಮ್ಮ, ಆದ್ರೆ ಆಧಾರ ಬೇಕಲ್ಲ? ಇಷ್ಟೊಂದು ಪೊಲೀಸ್ ಹುಡುಕಿದ್ರೂ ಒಬ್ಬ ಮನುಷ್ಯ ಸಿಗಲ್ಲ ಅಂದ್ರೆ ಯಾರು ನಂಬ್ತಾರೆ?" ಎಂದು ಆಳಂದದಿಂದಲೇ ಶುರು ಮಾಡಿದರು. ನಂಬದಿದ್ದರೂ ಪ್ರತಿ ಮನೆಯಲ್ಲಿ ಉಂಡರು. ಯಾರೂ ಬಿಡಲಿಲ್ಲ, ಅವರೂ ಬೇಡ ಎನ್ನಲಿಲ್ಲ. ಹೋಳಿಗೆಯ ಮನೆಯಲ್ಲಿ ಎರಡನೆಯ ಸಲ ತುಪ್ಪ ಹಾಕಿಸಿಕೊಂಡರು.

ನಮ್ಮ ಕೊನೆಯ ನಿಲ್ದಾಣ ಇಜೇರಿಯ ಒಬ್ಬ ಆಯಿಯ ಮನೆ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಅಂವ ಅಡಗಿದ್ದು ಇದೇ ಮನೆಯಲ್ಲಿ ಎಂದು ಇಡೀ ಊರು ಹೇಳುತ್ತದೆ. ಆ ಕಾಲದಲ್ಲಿ ಪೊಲೀಸರು ಬಂದಾಗ ಈ ಆಯಿಯ ಅತ್ತೆಯ ಅತ್ತೆ ಹೊಸ್ತಿಲ ಮೇಲೆ ಜೋಳ ಹಸನು ಮಾಡುತ್ತ ಕೂತು, ಮೊರದಿಂದ ಕಣ್ಣು ಎತ್ತದೆ, "ಯಾರೂ ಬಂದಿಲ್ರಿ" ಎಂದಳಂತೆ. ಅಂದಿನಿಂದ ಆ ಮನೆಗೆ ಬಂದ ಸೊಸೆಯರಿಗೆಲ್ಲ ಅದೇ ಪಾಠ. ನಮ್ಮ ನೆರಳಿಗೆ ಬಂದವರನ್ನು ಯಾರು ಕೇಳಿದರೂ ಬಿಟ್ಟುಕೊಡಬಾರದು.

ತೊಂದರೆ ಏನೆಂದರೆ, ಆ ಪಾಠ ಇನ್ನೂ ಮುಗಿದಿಲ್ಲ. ನಾನು ಎಂದಿನ ಹಾಗೆ ಕೇಳಿದೆ. "ಆಯಿ, ಆಗಿನ ಕಾಲಕ್ಕ ಅಂವ ನಿಮ್ಮ ಮನ್ಯಾಗ ಬಂದಿದ್ನಲ್ರೀ?"

"ಯಾರೂ ಬಂದಿಲ್ಲವ್ವಾ," ಎಂದಳು ಆಯಿ, ಎಂದಿನ ಹಾಗೆ.

ಸಾಹೇಬರು ನಕ್ಕರು. "ನೋಡಮ್ಮ, ಮನೆಯವರೇ ಇಲ್ಲ ಅಂತಿದಾರೆ. ಇನ್ನು ನಾನು ಹೂಂ ಅನ್ನೋದು ಹೇಗೆ?"

ಚಾಚಾ ಬಸ್ಸಿಗೆ ಒರಗಿ ನಿಂತು ಆಗಲೇ ಬಿರ್ಯಾನಿಯ ಯೋಚನೆಯಲ್ಲಿದ್ದಂತೆ ಕಂಡರು. ಕೊನೆಯ ಆಸೆಯಿಂದ ನಾನು ಮತ್ತು ಮಾಸ್ತರು, ಅಂವ ನೀರು ಕುಡಿದ ಬಾವಿಯನ್ನು ತೋರಿಸುತ್ತೇವೆ ಬರ್ರಿ ಎಂದೆವು. ಸಾಹೇಬರು ಹೊಟ್ಟೆಯ ಮೇಲೆ ಕೈಯಾಡಿಸಿ, "ನನ್ನ ಕೈಲಾಗಲ್ಲಮ್ಮ, ನೀವು ಹೋಗಿ ಬನ್ನಿ, ಬಸ್ಸಲ್ಲಿ ಕೂತಿರ್ತೀನಿ" ಎಂದರು. ಚಾಚಾ ಕೂಡ ನಮ್ಮ ಜೊತೆ ಬಂದರು.

ಬಾವಿ ನೋಡಿ ವಾಪಸ್ ಬಂದರೆ ಬಸ್ಸು ಖಾಲಿ. ಸೀಟಿನ ಮೇಲೆ ಸಾಹೇಬರ ಫೋನು ಒಂದೇ ಬಡಿದುಕೊಳ್ಳುತ್ತಿತ್ತು. ಹೋಟೆಲಿನಲ್ಲಿ ನೋಡಿದೆವು, ಗುಡಿಯ ಕಟ್ಟೆಯ ಮೇಲೆ ನೋಡಿದೆವು, ಹೊಲದ ಕಡೆ ಹೋಗಿರಬಹುದೆಂದು ಮಾಸ್ತರು ಕೂಗಿ ಕರೆದರು. ಎಲ್ಲೂ ಇಲ್ಲ. ಚಾಚಾ ತಲೆಯ ಮೇಲೆ ಕೈ ಹೊತ್ತರು. "ಯಾ ಅಲ್ಲಾ! ಹೂಂ ಅನ್ನೂದು ಹಾಳಾಗಿ ಹೋಗ್ಲಿ, ಸಾಹೇಬ್ರೇ ಇಲ್ಲ!"

ಆಯಿ ಹೊಸ್ತಿಲ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. "ಆಯಿ, ನಮ್ಮ ಸಾಹೇಬ್ರು ಇತ್ಲಾಗ ಬಂದ್ರೇನ್ರಿ?" ಎಂದು ಕೇಳಿದೆ.

"ಯಾರೂ ಬಂದಿಲ್ಲವ್ವಾ."

ಅಷ್ಟರಲ್ಲಿ ಬೀಟಿಗೆ ಹೊರಟಿದ್ದ ಒಬ್ಬ ಹವಾಲ್ದಾರರು ಗದ್ದಲ ಕೇಳಿ ಗಾಡಿ ನಿಲ್ಲಿಸಿದರು. ಸರ್ಕಾರದ ಮನುಷ್ಯ ಕಳೆದಿದ್ದಾರೆಂದು ತಿಳಿದು ಅವರಿಗೂ ಬೆವರು ಬಂತು. ಸೀದಾ ಆಯಿಯ ಮುಂದೆ ಬಂದು ನಿಂತು, "ಆಯಿ, ಪ್ಯಾಂಟು ಬೂಟು ಹಾಕ್ಕೊಂಡವ್ರು ಯಾರರೆ ಒಳಗ ಹೋದ್ರೇನು? ಖರೇ ಹೇಳ್ರಿ" ಎಂದರು.

ಆಯಿ ಮೊರದಿಂದ ಕಣ್ಣು ಎತ್ತಲಿಲ್ಲ. "ಯಾರೂ ಬಂದಿಲ್ರಿ."

ಅದೇ ಹೊತ್ತಿಗೆ ಒಳಗಿನಿಂದ ದೊಡ್ಡದೊಂದು ಗೊರಕೆ ಕೇಳಿಸಿತು. ಹವಾಲ್ದಾರರು ಕಿವಿ ನಿಗುರಿಸಿದರು. "ಅದೇನ್ರಿ?"

"ಎಮ್ಮಿರಿ," ಎಂದು ಆಯಿ ಮೊರವನ್ನು ಇನ್ನೂ ಜೋರಾಗಿ ಬಡಿಯತೊಡಗಿದಳು.

ಎಮ್ಮೆ ಒಮ್ಮೆ ಆಕಳಿಸಿತು. ಆಮೇಲೆ, "ಯಾಕಮ್ಮ ಎಲ್ಲ ಇಲ್ಲೇ ಸೇರಿದೀರಿ?" ಎಂದು ಕೇಳುತ್ತ ಹೊರಗೆ ಬಂತು. ತಲೆಯ ತುಂಬ ಜೋಳದ ಹೊಟ್ಟು, ಕಣ್ಣ ತುಂಬ ನಿದ್ದೆ. ನೀರು ಕೇಳಲು ಹೋಗಿದ್ದರಂತೆ. ಒಳಗಿನ ತಂಪು ಕಂಡು, "ಅಜ್ಜಿ, ಉಂಡು ಉಂಡು ಸಾಕಾಗಿದೆ. ಕೇಳಿದ್ರೆ ಯಾರಿಗೂ ಹೇಳ್ಬೇಡಿ, ಸ್ವಲ್ಪ ಮಲಗ್ತೀನಿ" ಎಂದಿದ್ದರಂತೆ. ಆಯಿ ಅವರನ್ನು ಜೋಳದ ಚೀಲಗಳ ಸಂದಿಯಲ್ಲಿ ಮಲಗಿಸಿ, ಮೇಲೆ ಕೌದಿ ಹೊದಿಸಿದ್ದಳು. ಬೂಟು ಎಲ್ಲಿ ಎಂದು ಅವರು ಹುಡುಕುತ್ತಿದ್ದಾಗ ಆಯಿ ಪಕ್ಕದ ಜೋಳದ ಬುಟ್ಟಿಯನ್ನು ಸುಮ್ಮನೆ ಎತ್ತಿದಳು. ಬೂಟುಗಳು ಅದರ ಕೆಳಗಿದ್ದವು.

ಸಾಹೇಬರು ಹೊಸ್ತಿಲು ನೋಡಿದರು, ಮೊರ ನೋಡಿದರು, ಹವಾಲ್ದಾರರ ಟೋಪಿ ನೋಡಿದರು. ನಾನು ಹೇಳಿದ ಕಥೆಯೆಲ್ಲ ಅಲ್ಲೇ ಕೂತಿತ್ತು, ನಿಂತಿತ್ತು. ಅವರು ನಿಧಾನವಾಗಿ ಬೂಟು ಹಾಕಿಕೊಳ್ಳುತ್ತ ಹೇಳಿದರು. "ಆಧಾರ ಸಿಕ್ತಮ್ಮ. ಈ ಮನೇಲಿ ಅಡಗಿದವನು ಸಿಗೋದಿಲ್ಲ ಅಂತ ನಾನೇ ಸಾಕ್ಷಿ. ಹೂಂ."

ಚಾಚಾ ಮಾಸ್ತರನ್ನು ಎತ್ತಿ ಕುಣಿಸಿದರು. ನಾನು ಹರಕೆಯ ಬೇವಿನ ಗಿಡಕ್ಕೆ ನಿಂತಲ್ಲೇ ಕೈ ಮುಗಿದೆ. ಹವಾಲ್ದಾರರಿಗೆ ಮಾತ್ರ ಸಮಾಧಾನವಿಲ್ಲ. ಸಾಹೇಬರ ಹೆಗಲ ಮೇಲೆ ಕೈಯಿಟ್ಟು ಆಯಿಯ ಮುಂದೆ ನಿಲ್ಲಿಸಿ ಕೇಳಿದರು. "ಹಂಗಾದ್ರ ಆಯಿ, ನಿಮ್ಮ ಮನ್ಯಾಗಿಂದ ಎದ್ದು ಬಂದು ಇಲ್ಲಿ ನಿಂತಾರಲ್ಲ, ಇವ್ರು ಯಾರು ಮತ್ತ?"

ಆಯಿ ಮೊದಲ ಸಲ ಕಣ್ಣು ಎತ್ತಿದಳು. ಸಾಹೇಬರನ್ನು ತಲೆಯಿಂದ ಬೂಟಿನವರೆಗೆ ಒಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡು ಮತ್ತೆ ಮೊರ ಹಿಡಿದಳು.

"ಯಾರೂ ಬಂದಿಲ್ರಿ."