ಚಳಿಯ ಪಾಲಿನ ಬಟ್ಟಲು

ನಂಬಬೇಡ್ರಿ, ನನಗೇನೂ ನಷ್ಟ ಇಲ್ಲ. ಧೈರ್ಯ ಇದ್ರೆ ಪುಷ್ಯ ಮಾಸದಲ್ಲಿ ಐಮಂಗಲದಲ್ಲಿ ಬಸ್ ಇಳಿದು, ಬೆಳಗಿನ ಮಂಜಿನಲ್ಲಿ ನಮ್ಮ ಹಟ್ಟಿಗೆ ನಡೆದು ಬರ್ರಿ. ಆಮೇಲೆ ಮಾತಾಡೋಣ. ನಮ್ಮ ಕಡೆ ಚಳಿ ಬಂತು ಅಂದ್ರೆ ಇಂಥವು ಒಂದಲ್ಲ ಒಂದು ನಡೀತಾನೇ ಇರ್ತವೆ. ಇಡೀ ಹಟ್ಟಿಯಲ್ಲಿ ಅಂಜದೆ ಇರೋನು ನಾನೊಬ್ಬನೇ. ಅದಕ್ಕೇ ಅಜ್ಜನ ಕರಿ ಕಂಬಳಿ ಮೇಲೆ ನನ್ನ ಕಣ್ಣು. ಅಜ್ಜ ಹೇಳಿದ್ದು ಒಂದೇ ಮಾತು: "ಮಂಜಿನಾಗೆ ಒಬ್ಬನೇ ಕುರಿ ಹೊಡ್ಕಂಡು ಹೋಗಿ, ಕಂಬಳಿ ಸಮೇತ ವಾಪಸ್ ಬಂದೋನಿಗೆ ಇದು."

ಫೋನಿನ ಹವಾಮಾನ

ಒಂದು ಸಂಜೆ ಕುರಿಗಳೆಲ್ಲ ಒತ್ತೊತ್ತಾಗಿ ಮೂಡಣಕ್ಕೆ ಬೆನ್ನು ಹಾಕಿ ನಿಂತವು. ಅಜ್ಜಿ ನೋಡಿ, "ನಾಳೆ ಮಂಜು ಬೀಳ್ತೈತೆ" ಅಂದಳು.

ನಾನು ಫೋನ್ ತೆಗೆದು ತೋರಿಸಿದೆ. "ನೋಡು, ಶುಭ್ರ ಆಕಾಶ ಅಂತೈತೆ. ಕುರಿಗೇನು ಗೊತ್ತು?"

ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿನ ಬೇವಿನ ಮರವೇ ಇಲ್ಲ. ಹಟ್ಟಿಯೇ ಇಲ್ಲ. ಎಲ್ಲಿಂದಲೋ ಒಂದು ಕೆಮ್ಮು ಮಾತ್ರ ಕೇಳಿಸ್ತಿತ್ತು. ಮಂಜಿನೊಳಗಿಂದ ಅಜ್ಜಿ ದನಿ ಬಂತು: "ಪಾಪ, ನಿನ್ನ ಫೋನಿಗೆ ಚಳಿ ಹತ್ತೈತೆ, ಒಂದು ಕುಲಾವಿ ಹಾಕಪ್ಪ."

ಗೋಡೆ ಮೇಲಿನ ಬಟ್ಟಲು

ಅಜ್ಜಿಯ ಹುರುಳಿ ಕಟ್ಟಿನ ಸಾರು ಕುಡಿದರೆ ಹೆಣಕ್ಕೂ ಬೆವರು ಬರಬೇಕು. ಹುರುಳಿ ಬೇಯಿಸಿ ಬಸಿದ ಕಟ್ಟಿಗೆ ಮೆಣಸು, ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹಾಕಿ, ಹುಣಸೆಹುಳಿ ಬಿಟ್ಟು ಕುದಿಸ್ತಾಳೆ. ಮೊದಲ ಬಟ್ಟಲು ನಮಗಲ್ಲ, ಚಳಿಗೆ. ಅದನ್ನ ಹಿತ್ತಲ ಗೋಡೆ ಮೇಲಿಟ್ಟು ತಿರುಗಿ ನೋಡದೆ ಒಳಗೆ ಬರಬೇಕು. ಹೊತ್ತು ಏರಿದ ಮೇಲೆ ನೋಡಿದರೆ ಬಟ್ಟಲು ನೆಕ್ಕಿದಂಗೆ ಖಾಲಿ.

"ಯಾವ ಚಳಿ ಕುಡೀತೈತೋ ಹಿಡಿದೇ ಬಿಡ್ತೀನಿ" ಅಂತ ನಾನು ಒಂದು ಬೆಳಗ್ಗೆ ಸೌದೆ ಹಿಂದೆ ಕುಂತೆ. ಮಂಜಿನಿಂದ ಒಂದು ಕೈ ಬಂತು. ಕೈ ಮಾತ್ರ. ನನ್ನ ಮೈಮೇಲಿನ ಕೂದಲೆಲ್ಲ ನೆಟ್ಟಗಾದವು. ಅದು ಚಳಿಗೆ, ತಪ್ಪು ತಿಳ್ಕಬೇಡ್ರಿ. ಹಾರಿ ಹಿಡಿದರೆ, ನಮ್ಮಜ್ಜ! ಹೊಟ್ಟೆ ಉರೀತೈತೆ ಅಂತ ಅವನಿಗೆ ಅಜ್ಜಿ ಮೆಣಸಿನ ಸಾರು ಕುಡಿಯೋದು ಬಿಡಿಸಿದ್ದಳು.

"ಅಜ್ಜಿಗೆ ಹೇಳಿದ್ಯೋ, ಕಂಬಳಿ ಇಲ್ಲ ನೋಡು" ಅಂದ.

"ದಿನಾ ನೀನೇ ಕುಡೀತಿದ್ಯಾ?"

ಅಜ್ಜ ಸುತ್ತ ನೋಡಿ ದನಿ ತಗ್ಗಿಸಿದ. "ನಾನು ಬರೋದು ಸೋಮವಾರ ಮಾತ್ರ ಕಣಲೇ. ಮಿಕ್ಕ ದಿನದ್ದು ನಾನೂ ಕೇಳಕ್ಕೆ ಹೋಗಿಲ್ಲ."

ಮೂರನೇ ಕರೆ

ಕೊನೆಗೆ ನನ್ನ ಪರೀಕ್ಷೆಯ ದಿನ ಬಂತು. ಅಜ್ಜ ತಾನೇ ಆ ಕಂಬಳಿಯನ್ನ ಮಡಿಸಿ ನನ್ನ ತಲೆಯಿಂದ ಬೆನ್ನಿನವರೆಗೂ ಕೊಪ್ಪೆ ಹಾಕಿದ. ಅಜ್ಜಿ ಎಚ್ಚರಿಸಿದಳು: "ಮಂಜಿನಾಗೆ ಯಾರಾದ್ರೂ ಕರೆದ್ರೆ ಮೂರನೇ ಸಲದವರೆಗೂ ಓ ಅನ್ನಬೇಡ. ಮನುಷ್ಯರಲ್ಲದವು ಮೂರನೇ ಸಲ ಕರೆಯಲ್ಲ."

ಹೊಲದ ನಡುವೆ ಹೋಗ್ತಿದ್ದಂಗೆ ಒಂದು ದನಿ: "ತಮ್ಮಾ..." ಸ್ವಲ್ಪ ತಡೆದು ಮತ್ತೆ, "ತಮ್ಮಾ..."

ಮೂರನೇದಕ್ಕೆ ಕಾದೆ. ಬರಲಿಲ್ಲ. ಕುರಿಗಳ ಗಂಟೆ ಸದ್ದೂ ನಿಂತಿತು. ಎಷ್ಟೋ ಹೊತ್ತಾದ ಮೇಲೆ ಬೇರೆ ಕಡೆಯಿಂದ ಮತ್ತೆ ಎರಡು ಸಲ ಕರೀತು. ನಾನು ಉಪಾಯವಾಗಿ ಕುರಿಗಳ ನಡುವೆ ಮುದುರಿ ಕುಂತೆ.

ಬಿಸಿಲು ತೂರಿದಾಗ ನೋಡಿದರೆ ಹತ್ತೇ ಹೆಜ್ಜೆ ದೂರದಲ್ಲಿ ಹಿರಿಯೂರಿನ ಕುರಿ ವ್ಯಾಪಾರದ ಸಾಬ್ರು, ಮಫ್ಲರ್ ಸುತ್ತಿಕೊಂಡು ಕಂಬದಂಗೆ ನಿಂತಿದ್ದಾರೆ.

"ಕುರಿ ನೋಡಕ್ಕೆ ಬಂದೆ, ಇಲ್ಲೊಂದು ಕುರಿ ಚಪ್ಪಲಿ ಹಾಕ್ಕಂಡೈತಲ್ಲಪ್ಪ!"

"ಮೂರನೇ ಸಲ ಯಾಕೆ ಕರೀಲಿಲ್ರೀ?"

"ಎರಡು ಸಲಕ್ಕೆ ಓ ಅನ್ನದೋನು ಮನುಷ್ಯನೇ ಅಲ್ಲ, ಮೂರನೇ ಸಲ ಕರೀಬೇಡ ಅಂತ ನಮ್ಮ ದಾದಿಮಾ, ನಮ್ಮಜ್ಜಿ, ಹೇಳೋರು."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಾನಂದೆ, "ಸರಿ, ಆಮೇಲೆ ಇನ್ನೆರಡು ಸಲ ಯಾಕೆ ಕರೆದ್ರಿ?"

ಸಾಬ್ರ ನಗು ನಿಂತಿತು. "ನಾನು ಕರೆದಿದ್ದು ಎರಡೇ. ಆಮೇಲಿಂದು ನೀನಲ್ವಾ?"

ಆಮೇಲೆ ನಾವು ಓಡಿದೆವು ಅಂತ ಜನ ಹೇಳ್ತಾರೆ. ಜೋರಾಗಿ ನಡೆದೆವು, ಅಷ್ಟೇ.

ಹಟ್ಟಿಗೆ ಬಂದರೆ ಕುರಿಗಳು ನಮಗಿಂತ ಮೊದಲೇ ಬಂದಿದ್ದವು. ದಾರಿಯಲ್ಲಿ ನನ್ನ ತಲೆಯಿಂದ ಜಾರಿದ ಕಂಬಳಿಯನ್ನ ಕೊಂಬಿಗೆ ಸಿಕ್ಕಿಸಿಕೊಂಡು ದೊಡ್ಡ ಟಗರು ಅಂಗಳದಲ್ಲಿ ನಿಂತಿತ್ತು. ಅಜ್ಜ ನನ್ನ ನೋಡಿದ, ಟಗರನ್ನ ನೋಡಿದ. "ಮಾತಂದ್ರೆ ಮಾತು" ಅಂದವನೇ ಕಂಬಳಿ ಬಿಡಿಸಿ ಟಗರಿನ ಬೆನ್ನಿಗೆ ಹೊದಿಸಿದ.

ಅಷ್ಟರಲ್ಲಿ ಅಜ್ಜಿ ಹಿತ್ತಲಿಂದ ಬಟ್ಟಲು ಹಿಡ್ಕೊಂಡು ಬಂದಳು. ತುಂಬಿದ್ದು ತುಂಬಿದಂಗೇ ಇತ್ತು.

"ಚಳಿ ಇವತ್ತು ಮುಟ್ಟೇ ಇಲ್ಲ" ಅಂದಳು. "ಬೆಳಗ್ಗೆ ಹೊಲದ ಕಡೆ ಹೋಗಿತ್ತೇನೋ. ತಗೋ, ನೀನೇ ಕುಡಿ."

ನನಗೆ ಕೊನೆಗೆ ಕೊಟ್ಟಿದ್ದು ಒಂದು ಬಟ್ಟಲು ತಣ್ಣನೆಯ ಹುರುಳಿ ಕಟ್ಟು.