ಇಣುಕಣ್ಣನ ಸೀಟು

ಇಣುಕಣ್ಣನಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಆ ದಿನದ ಫಜೀತಿಗೆಲ್ಲ ಮೂಲ ಇದೊಂದೇ.

ಕ್ಷೌರದಂಗಡಿಯಲ್ಲಿ ಕತ್ತರಿ ಕಿವಿಯ ಹತ್ತಿರ ಬಂದಾಗಲೇ ರಸ್ತೆಯಲ್ಲಿ ಏನೋ ಸದ್ದಾಯಿತೆಂದು ಅರ್ಧ ಎದ್ದು, ಎಡಗಿವಿಯ ಮೇಲೆ ಗಾಯದ ಗುರುತು ಮಾಡಿಸಿಕೊಂಡವನು ಅವನು. ಬಸ್ಸು ನಡುವೆ ಯಾಕೆ ನಿಂತಿತೆಂದು ಎದ್ದು ನೋಡಲು ಹೋಗಿ ಕಿಟಕಿಯ ಸೀಟು ಕಳೆದುಕೊಂಡದ್ದಕ್ಕಂತೂ ಲೆಕ್ಕವಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ, ಗೋದಾಮಿನಲ್ಲಿ ಎಲ್ಲರೂ ಅದನ್ನು ಮರೆತು ಇಣುಕಣ್ಣ ಎಂದೇ ಕರೆಯುತ್ತಿದ್ದರು.

ಆದರೆ ಅದೇ ಗುಣ ಅವನಿಗೆ ಇಷ್ಟು ವರ್ಷ ಅನ್ನ ಹಾಕಿತ್ತು. ಬಚ್ಚಲುಮನೆಯ ಸಾಮಾನಿನ ಗೋದಾಮು ಅದು. ಬೇಸಿನ್ನು, ಕಮೋಡು, ಟೈಲ್ಸ್ ಪೆಟ್ಟಿಗೆಗಳು ಚಾವಣಿ ಮುಟ್ಟುವಂತೆ ಪೇರಿಸಿದ್ದವು. ಇವನ್ನೆಲ್ಲ ಎತ್ತಿ ಇಳಿಸುವ ಫೋರ್ಕ್‌ಲಿಫ್ಟಿಗೆ ಇಣುಕಣ್ಣ ಡ್ರೈವರು. ಹಳೆಯ ಗಾಡಿ. ಎದುರಿಗೆ ಎರಡು ದಪ್ಪ ಉಕ್ಕಿನ ಕಂಬ, ನಡುವೆ ಸರಪಳಿ. ಡ್ರೈವರಿಗೆ ಕಾಣುವುದು ಅಷ್ಟೇ. ಹೊರೆ ಎಲ್ಲಿ ಕೂರುತ್ತಿದೆ ಎಂದು ತಿಳಿಯಬೇಕಾದರೆ ಸೀಟಿನಿಂದ ಒಂದು ಗೇಣು ಎದ್ದು ಕತ್ತು ಚಾಚಬೇಕು. ಹಾಗೆ ಎದ್ದು ಎದ್ದು ನೋಡಿ, ಒಂದು ಬೇಸಿನ್ನನ್ನೂ ಅವನು ಒಡೆದಿರಲಿಲ್ಲ.

ಆ ದಿನ ಹಳೆಯ ಗಾಡಿಯನ್ನು ಗುಜರಿಯವರು ಎಳೆದುಕೊಂಡು ಹೋದರು. ಅದರ ಜಾಗಕ್ಕೆ ಹಳದಿ ಬಣ್ಣದ ಹೊಸ ಗಾಡಿ ಬಂದು ನಿಂತಿತು. ಮ್ಯಾನೇಜರು ಮೊದಲೇ ಹೇಳಿಬಿಟ್ಟಿದ್ದರು: ಊಟವಾದ ಮೇಲೆ ಕಂಪನಿಯವನು ಬಂದು ಗಾಡಿಯ ಗುಣಗಳನ್ನೆಲ್ಲ ತೋರಿಸಿಕೊಡುತ್ತಾನೆ, ಅಷ್ಟರಲ್ಲಿ ನಿನ್ನ ಕೈ ಕೂರಿಸಿಕೋ, ನಿನ್ನ ಕೈಗೆ ಬಗ್ಗಿತೋ ಸೀಟು ನಿನ್ನದು, ಇಲ್ಲವೋ ಕಂಪನಿಯ ಕಡೆಯಿಂದಲೇ ಡ್ರೈವರನ್ನು ಕರೆಸಿಕೊಳ್ಳುತ್ತೇನೆ. ಹಾಗಾದರೆ ಇಣುಕಣ್ಣನ ಪಾಲಿಗೆ ಉಳಿಯುವುದು ಕೈಗಾಡಿ. ನಲವತ್ತು ದಾಟಿದ ಸೊಂಟ ಇಟ್ಟುಕೊಂಡು ಕಮೋಡು ತಳ್ಳುವುದನ್ನು ನೆನೆದೇ ಅವನಿಗೆ ಬೆನ್ನು ನೋಯತೊಡಗಿತ್ತು.

ಹೆಂಡತಿಗೆ ಆ ಚಿಂತೆಯೇ ಇರಲಿಲ್ಲ. ಹೊಸ ಗಾಡಿ ಗಂಡನದೇ ಎಂದು ಬೀದಿಗೆಲ್ಲ ಹೇಳಿ, ಅದರ ಸೀಟಿಗೆಂದು ಹೂವಿನ ಕಸೂತಿ ಹಾಕಿ ಒಂದು ದಿಂಬು ಹೊಲಿದುಕೊಟ್ಟಿದ್ದಳು. ದಿಂಬಿನ ಜೊತೆಗೆ ತನ್ನ ತಮ್ಮನನ್ನೂ ಕಳಿಸಿದ್ದಳು, ಹೇಗಾದರೂ ಮಾಡಿ ಇವನಿಗೂ ಒಂದು ಕೆಲಸ ಕೊಡಿಸಿ ಎಂದು.

ಈ ಬಾಮೈದನ ವಿಷಯ ಎರಡು ಮಾತು ಹೇಳಲೇಬೇಕು. ಇಣುಕಣ್ಣ ಕೂರಲಾರದವನಾದರೆ ಇವನು ಏಳಲಾರದವನು. ಅಕ್ಕನ ಮನೆಗೆ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದು ಕುರ್ಚಿಯಲ್ಲಿ ಕೂತವನು, ಇನ್ನೂ ಕೂತೇ ಇದ್ದ. ದೇವರು ಅವನಿಗೆ ಕೈಗಳನ್ನು ಮಾತ್ರ ಧಾರಾಳವಾಗಿ ಉದ್ದ ಕೊಟ್ಟಿದ್ದ. ಫ್ಯಾನು, ನೀರಿನ ಚೊಂಬು, ಭಾವನ ಪೇಪರು, ಎಲ್ಲವೂ ಕೂತಲ್ಲಿಗೇ ಎಟುಕುತ್ತಿದ್ದವು. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂದು ಇಣುಕಣ್ಣ ದಿನಕ್ಕೊಮ್ಮೆಯಾದರೂ ಗೋಡೆಗೆ ಹೇಳುತ್ತಿದ್ದ. ಗೋದಾಮಿಗೆ ಬಂದ ಬಾಮೈದ ಒಮ್ಮೆ ಸುತ್ತ ನೋಡಿ, ಮ್ಯಾನೇಜರ ಗಾಜಿನ ಕೋಣೆಯ ಪಕ್ಕದಲ್ಲಿ ಸೊಂಟದೆತ್ತರಕ್ಕೆ ಪೇರಿಸಿದ್ದ ಟೈಲ್ಸ್ ಪೆಟ್ಟಿಗೆಗಳನ್ನು ಆರಿಸಿಕೊಂಡು, ಅದರ ಮೇಲೆ ಪ್ರತಿಷ್ಠಾಪನೆಯಾದ.

ಇಣುಕಣ್ಣ ಹೊಸ ಗಾಡಿಯೇರಿ ಕೀಲಿ ತಿರುಗಿಸಿದ. ಬೆಣ್ಣೆಯಂಥ ಗಾಡಿ. ಮುಂದಿನ ಎರಡು ಕಬ್ಬಿಣದ ಕೈಗಳನ್ನು ಕಮೋಡಿನ ಕಟ್ಟಿನಡಿಗೆ ತೂರಿಸಿ ಲಿವರ್ ಎಳೆದ. ಕಟ್ಟು ಸರಾಗವಾಗಿ ಮೇಲೇರಿತು. ಎಲ್ಲಿಗೆ ಬಂತು ನೋಡೋಣವೆಂದು ಎದ್ದು ಕತ್ತು ಚಾಚಿದ. ಗಾಡಿ ನಿಂತುಬಿಟ್ಟಿತು. ಕಮೋಡುಗಳು ನಡು ಆಕಾಶದಲ್ಲಿ ನೇತಾಡಿದವು.

ಲಿವರ್ ಎಳೆದ, ತಳ್ಳಿದ, ತಟ್ಟಿದ. ಊಹೂಂ. ಬೇಸರದಿಂದ ಸೀಟಿಗೆ ಕುಸಿದು ಮತ್ತೊಮ್ಮೆ ಎಳೆದರೆ ಕಟ್ಟು ಏನೂ ಆಗಿಲ್ಲವೆಂಬಂತೆ ಮೇಲೇರಿತು. ಸರಿಯಾಯಿತಲ್ಲ ಎಂದು ಖುಷಿಯಿಂದ ಎದ್ದು ನೋಡಿದ. ಮತ್ತೆ ನಿಂತಿತು.

ಇಷ್ಟು ಹೊತ್ತಿಗೆ ಕೆಲಸ ಬಿಟ್ಟು ಜನ ಸೇರಿದರು. ಹೊರೆಯಾಳುಗಳ ಮೇಸ್ತ್ರಿ ಡೀಸೆಲ್ಲಿನಲ್ಲಿ ನೀರಿದೆ ಎಂದು ತೀರ್ಪು ಕೊಟ್ಟ. ಗೇಟು ಬಿಟ್ಟು ಬಂದ ಕಾವಲುಗಾರ, ಗಾಡಿಗೆ ನಾಚಿಕೆ ಇರಬೇಕು, ನೋಡಿದರೆ ನಿಲ್ಲುತ್ತದೆ ನೋಡದಿದ್ದರೆ ಓಡುತ್ತದೆ ಎಂದ. ಎಲ್ಲರೂ ನಕ್ಕರು. ಇಣುಕಣ್ಣನಿಗೆ ಮಾತ್ರ ನಗು ಬರಲಿಲ್ಲ, ಯಾಕೆಂದರೆ ನಡೆಯುತ್ತಿದ್ದದ್ದು ಸರಿಯಾಗಿ ಅದೇ. ಮೇಸ್ತ್ರಿ ತಾನೇ ಹತ್ತಿ, ಅಕ್ಕಿ ಮೂಟೆಯಂತೆ ಕೂತು ಲಿವರ್ ಎಳೆದ. ಕಟ್ಟು ಏರಿತು, ಇಳಿಯಿತು, ಮತ್ತೆ ಏರಿತು. ಇಣುಕಣ್ಣ ಹತ್ತಿದ. ನಿಂತಿತು.

ಕೋಣೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಮ್ಯಾನೇಜರು ಮೆಲ್ಲಗೆ ಹೇಳಿದರು:

“ಕುಣಿಯಲಾರದವಳಿಗೆ ನೆಲ ಡೊಂಕು ಅಂತ ನನಗೆ ಹೇಳಬೇಡ. ಗಾಡಿ ಸರಿಯಾಗೇ ಇದೆ. ಊಟ ಆದ್ಮೇಲೆ ಇನ್ನೊಂದು ಸಲ ನೋಡ್ತೀನಿ. ಆಗಲೂ ಹೀಗೇ ಆದ್ರೆ ನೀನು ಕೈಗಾಡಿ ಹಿಡ್ಕೋ.”



ಎಲ್ಲರೂ ಊಟಕ್ಕೆ ಹೋದರು. ಇಣುಕಣ್ಣ ಬುತ್ತಿಯನ್ನು ಬಿಚ್ಚಲೇ ಇಲ್ಲ. ಹೊಟ್ಟೆಯ ಹಸಿವಿಗಿಂತ ಅವನಿಗೆ ತಲೆಯ ಹಸಿವು ದೊಡ್ಡದು. ತಾನು ನೋಡುವುದು ಈ ಗಾಡಿಗೆ ಹೇಗೆ ಗೊತ್ತಾಗುತ್ತದೆ? ಕಣ್ಣು ಮುಚ್ಚಿ ಎದ್ದ. ನಿಂತಿತು. ಕೂತಲ್ಲಿಂದಲೇ ಕಣ್ಣರಳಿಸಿ ನೋಡಿದ. ಓಡಿತು. ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ತುಸು ಎದ್ದ, ಇನ್ನೂ ತುಸು ಎದ್ದ. ಆಗ ಕುಂಡೆಯ ಕೆಳಗೆಲ್ಲೋ ‘ಟಿಕ್’ ಎಂದು ಸಣ್ಣ ಸದ್ದು ಕೇಳಿತು. ಕೂತ. ಟಿಕ್. ಎದ್ದ. ಟಿಕ್. ಕೆಳಗಿಳಿದು ಸೀಟು ಎತ್ತಿ ನೋಡಿದರೆ ಅಲ್ಲಿತ್ತು, ಹೆಬ್ಬೆರಳಿನಷ್ಟು ದಪ್ಪದ ಕರಿಯ ಗುಂಡಿ! ಡ್ರೈವರು ಕೂತರೆ ಅದು ಒತ್ತಿಕೊಂಡು ಗಾಡಿ ನಡೆಯುತ್ತದೆ. ಎದ್ದರೆ ಬಿಟ್ಟುಕೊಂಡು ನಿಲ್ಲುತ್ತದೆ.

ಇಣುಕಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಷ್ಟೇ ತಾನೇ, ಏಳದೆ ಕೂತರಾಯಿತು. ಕೂತ. ಸೊಂಟಕ್ಕೆ ಬೆಲ್ಟನ್ನೂ ಬಿಗಿದುಕೊಂಡ. ಲಿವರ್ ಎಳೆದ. ಕಟ್ಟು ಏರಿತು. ಎಲ್ಲಿಗೆ ಬಂದಿರಬಹುದು? ಚಾವಣಿಯ ದೀಪಕ್ಕೆ ತಗುಲಿದರೆ? ಆ ತುದಿಯ ಪೆಟ್ಟಿಗೆ ವಾಲಿದೆಯೇ? ತೊಡೆಗಳು ತಾವಾಗಿಯೇ ಬೆಲ್ಟನ್ನು ಜಗ್ಗಿದವು. ಟಿಕ್.

ಟೈಲ್ಸ್ ಪೆಟ್ಟಿಗೆಯ ಮೇಲೆ ಕೂತು ಇದನ್ನೆಲ್ಲ ಪಿಳಿಪಿಳಿ ನೋಡುತ್ತಿದ್ದ ಬಾಮೈದ, ಭಾವನ ಬುತ್ತಿಯತ್ತ ಕೈ ಚಾಚುತ್ತ ಕೇಳಿದ, “ಭಾವ, ಸುಮ್ನೆ ಕೂತ್ಕೊಳ್ಳೋಕೆ ಏನು ಕಷ್ಟ?”

“ನಿನಗೇನಪ್ಪ ಗೊತ್ತು ಕಷ್ಟ,” ಎಂದ ಇಣುಕಣ್ಣ.

ಹುಟ್ಟುಗುಣ ಸುಟ್ಟರೂ ಹೋಗದು ಎಂದ ಮೇಲೆ, ಬದಲಾಗಬೇಕಾದದ್ದು ಗುಂಡಿಯೇ. ಒಡೆದ ಪೆಟ್ಟಿಗೆಯಿಂದ ಒಂದು ಮರದ ಚೆಕ್ಕೆ ಕಿತ್ತು ತಂದು, ಗುಂಡಿ ಒತ್ತಿಕೊಂಡೇ ಇರುವಂತೆ ಸೀಟಿನಡಿಗೆ ಬಿಗಿಯಾಗಿ ತುರುಕಿದ. ಮೇಲೆ ಹೆಂಡತಿಯ ಹೂವಿನ ದಿಂಬು ಇಟ್ಟ. ಇನ್ನು ಗಾಡಿಯ ಪಾಲಿಗೆ ಡ್ರೈವರು ಸದಾ ಕೂತೇ ಇದ್ದಾನೆ.

ಊಟ ಮುಗಿಸಿ ಬಂದವರು ಮೂಗಿನ ಮೇಲೆ ಬೆರಳಿಟ್ಟರು. ಇಣುಕಣ್ಣ ಎದ್ದ, ಬಗ್ಗಿದ, ಒಂಟಿಕಾಲಿನ ಮೇಲೆ ನಿಂತು ಇಣುಕಿದ. ಗಾಡಿ ಹಸುವಿನಂತೆ ಹೇಳಿದ ಹಾಗೆ ಕೇಳಿತು. ಬೇಸಿನ್ನಿನ ಕಟ್ಟುಗಳು ಚಾವಣಿಯಡಿಗೆ ಒಂದರ ಮೇಲೊಂದು ಹೂವಿಟ್ಟಂತೆ ಕೂತವು. ಬೆಳಗಿನಿಂದ ಇದು ತನಗೆ ಗೊತ್ತೇ ಇತ್ತೆಂದು ಮೇಸ್ತ್ರಿ ಹೇಳತೊಡಗಿದ. ಮ್ಯಾನೇಜರು ಹತ್ತಿರ ಬಂದು, ಭೇಷ್, ನಾಳೆಯಿಂದ ಸೀಟು ನಿನ್ನದೇ ಎಂದು ಭುಜ ತಟ್ಟಿದರು. ಕೈಗಾಡಿ ಇಣುಕಣ್ಣನ ಮನಸ್ಸಿನಿಂದ ಉರುಳಿಕೊಂಡು ದೂರ ಹೋಯಿತು.

ಆಗ ಬಂದ ಕಂಪನಿಯವನು.

ಇಸ್ತ್ರಿಯ ಅಂಗಿ, ತಲೆಗೆ ಬಿಳಿ ಟೋಪಿ, ಬಾಯಿ ತುಂಬ ಗಾಡಿಯ ಗುಣಗಾನ. ಎತ್ತುವ ಶಕ್ತಿ ಹೇಳಿದ, ಸಣ್ಣ ಜಾಗದಲ್ಲಿ ತಿರುಗುವ ಚಳಕ ಹೇಳಿದ. ಕೊನೆಗೆ, ಎಲ್ಲಕ್ಕಿಂತ ದೊಡ್ಡ ಗುಣ ಇನ್ನೊಂದಿದೆ, ಅದನ್ನು ಕಣ್ಣಾರೆ ನೋಡಬೇಕು ಎಂದು ತಾನೇ ಹತ್ತಿ ಹೂವಿನ ದಿಂಬಿನ ಮೇಲೆ ಕೂತ. ಬೇಸಿನ್ನಿನ ಒಂದು ಕಟ್ಟನ್ನು ತುಸು ಎತ್ತಿಕೊಂಡು, ಗಾಡಿಯನ್ನು ಮುಂದಿನ ಗೇರಿಗೆ ಹಾಕಿದ. ಗಾಡಿ ಬಸವನಹುಳುವಿನಂತೆ ಹೊರಟಿತು.

“ಇದಕ್ಕೆ ಬುದ್ಧಿ ಇದೆ ಸಾರ್,” ಎಂದ ಅವನು ಮ್ಯಾನೇಜರ ಕಡೆ ತಿರುಗಿ. “ಡ್ರೈವರ್ ಸೀಟು ಬಿಟ್ಟು ಎದ್ದ ಅನ್ಕೊಳ್ಳಿ, ತಾನಾಗೇ ನಿಂತುಹೋಗುತ್ತೆ. ನೋಡ್ತಿರಿ.”

ಇಣುಕಣ್ಣ ಒಂದು ಹೆಜ್ಜೆ ಮುಂದಿಟ್ಟ. ಬೇಡ ಎನ್ನಬೇಕು, ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳಿದರೆ ಸೀಟು ಹೋಯಿತು. ಅವನು ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಕಂಪನಿಯವನು ಠೀವಿಯಿಂದ ಕೆಳಗಿಳಿದು, ಕೈಕಟ್ಟಿ ನಿಂತುಬಿಟ್ಟಿದ್ದ.

ಗಾಡಿ ಮಾತ್ರ ನಿಲ್ಲಲಿಲ್ಲ. ಡ್ರೈವರಿಲ್ಲದ ಗಾಡಿ ಹೂವಿನ ದಿಂಬನ್ನು ಹೊತ್ತು, ಯಾವ ಅವಸರವೂ ಇಲ್ಲದೆ, ಮ್ಯಾನೇಜರ ಗಾಜಿನ ಕೋಣೆಯತ್ತ ನಡೆಯಿತು. ಮೊದಲು ಎಲ್ಲರೂ ಇದೂ ಅದರ ಗುಣವೇ ಇರಬೇಕೆಂದು ಕುತೂಹಲದಿಂದ ಅದರ ಜೊತೆ ಹೆಜ್ಜೆ ಹಾಕಿದರು. ಕಂಪನಿಯವನ ಮುಖ ಬಿಳಿಚಿಕೊಂಡದ್ದನ್ನು ಕಂಡ ಮೇಲೆ ಜನ ದಿಕ್ಕಿಗೊಬ್ಬರಾದರು. ಅವನೇ ಓಡಿಹೋಗಿ ಹತ್ತಲು ನೋಡಿ, ಜಾರಿ, ಟೋಪಿಯ ಹಿಂದೆ ಉರುಳಿದ. ಇಣುಕಣ್ಣ ಗಾಜಿಗೂ ಗಾಡಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಬಗ್ಗಿ ನೋಡುತ್ತ ಮೈಮರೆತಿದ್ದ.

ದಾರಿಯ ಪಕ್ಕದಲ್ಲಿ ಬಾಮೈದ ಕೂತಿದ್ದ. ಏಳೋ, ಏಳೋ ಎಂದು ಎಲ್ಲರೂ ಕೂಗಿದರು. ಅವನು ಎದ್ದನೇ? ರಾಮ ರಾಮ. ಗಾಡಿ ಪಕ್ಕಕ್ಕೆ ಬರುವವರೆಗೆ ಕಾದು, ಮನೆಯಲ್ಲಿ ಫ್ಯಾನು ಆರಿಸುವ ಹಾಗೆ ಉದ್ದನೆಯ ಕೈ ಚಾಚಿ, ಕೀಲಿ ತಿರುಗಿಸಿದ. ಗಾಡಿ ಒಮ್ಮೆ ಬಿಕ್ಕಿ ನಿಂತಿತು. ಬೇಸಿನ್ನಿಗೂ ಗಾಜಿಗೂ ನಡುವೆ ಒಂದು ಕೈ ಹಿಡಿಸುವಷ್ಟು ಜಾಗ ಉಳಿದಿತ್ತು.

ಹೋದ ಜೀವ ಬಂದಂತಾಗಿ ಎಲ್ಲರೂ ಸುತ್ತ ನೆರೆದರು. ಹೀಗಾಗಲು ಸಾಧ್ಯವೇ ಇಲ್ಲ ಎಂದು ಬಡಬಡಿಸುತ್ತ ಕಂಪನಿಯವನು ಸೀಟು ಎತ್ತಿದ. ಸುಮ್ಮನಿದ್ದಿದ್ದರೆ ಯಾರ ಕೆಲಸ ಎಂದು ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ. ಆದರೆ ಗುಂಪನ್ನು ಸರಿಸಿ ಎಲ್ಲರಿಗಿಂತ ಮೊದಲು ತಲೆ ತೂರಿಸಿದವನು ಇಣುಕಣ್ಣ.

“ಪರವಾಗಿಲ್ವೇ,” ಎಂದ ಮೆಚ್ಚುಗೆಯಿಂದ. “ಚೆಕ್ಕೆ ಇಟ್ಟಲ್ಲೇ ಇದೆ, ಒಂದಿಷ್ಟೂ ಜರುಗಿಲ್ಲ.”

ಎಲ್ಲರ ತಲೆಗಳೂ ಚೆಕ್ಕೆಯಿಂದ ಇಣುಕಣ್ಣನತ್ತ ತಿರುಗಿದವು.

ಆಮೇಲಿನ ಮಾತುಗಳನ್ನೆಲ್ಲ ಇಲ್ಲಿ ಹೇಳುವ ಹಾಗಿಲ್ಲ. ಮನೆಗೆ ಕಳಿಸುತ್ತೇನೆಂದು ಕೂಗಾಡಿದ ಮ್ಯಾನೇಜರು, ಇಷ್ಟು ವರ್ಷದಲ್ಲಿ ಒಂದೂ ಬೇಸಿನ್ನು ಒಡೆದಿಲ್ಲವೆಂಬುದನ್ನು ನೆನೆದು ತಣ್ಣಗಾದರು. ಆದರೆ ಸೀಟಿನ ಮಾತು ಮುಗಿದಿತ್ತು. ನಿಮ್ಮ ಡ್ರೈವರನ್ನೇ ಕಳಿಸಿ ಎಂದು ಅವರು ಕೇಳಿದಾಗ, ಕಂಪನಿಯವನು ತಲೆಯಾಡಿಸಿ ಬಾಮೈದನತ್ತ ಬೆರಳು ತೋರಿಸಿದ.

“ಇವರಿರುವಾಗ ಹೊರಗಿನವರು ಯಾಕೆ ಸಾರ್? ಲಿವರ್ ಎಳೆಯೋದನ್ನ ನಾನು ಕಲಿಸ್ತೀನಿ. ಏಳದೆ ಕೂರೋದನ್ನ ಯಾರಿಗೂ ಕಲಿಸೋಕಾಗಲ್ಲ.”

ಜೊತೆಗೆ ಇನ್ನೊಂದು ನಿಯಮವನ್ನೂ ಹೇಳಿದ. ಹೊರೆ ಎತ್ತರವಾಗಿದ್ದಾಗ ಡ್ರೈವರು ಎದ್ದು ನೋಡಬಾರದು. ಅವನಿಗಾಗಿ ನೋಡಲೆಂದೇ ಒಬ್ಬ ಮುಂದೆ ನಿಂತು ಸೀಟಿ ಊದಬೇಕು. ಅದಕ್ಕೆ ಯಾರು ಎಂದು ಮ್ಯಾನೇಜರು ಕೇಳಲೇ ಇಲ್ಲ. ಡ್ರಾಯರಿನಿಂದ ಒಂದು ಸೀಟಿ ತೆಗೆದು ಇಣುಕಣ್ಣನ ಕೊರಳಿಗೆ ಹಾಕಿದರು.

ಸಂಜೆ ಮನೆಗೆ ಬಂದಾಗ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಹೆಂಡತಿಗೆ ತಮ್ಮನಿಗೆ ಕೆಲಸವಾದ ಸಂತೋಷ ಹಿಡಿಸಲಾರದಷ್ಟಿತ್ತು. ಗಂಡನ ಸೀಟು ಹೋದ ದುಃಖವೂ ಇತ್ತು, ಆದರೆ ಸೀಟು ಮನೆಯಲ್ಲೇ ಉಳಿಯಿತಲ್ಲ ಎಂದು ಅವಳೇ ಸಮಾಧಾನ ಮಾಡಿಕೊಂಡಿದ್ದಳು. ಹೂವಿನ ದಿಂಬು ಆಗಲೇ ಬಾಮೈದನ ಕುರ್ಚಿ ಸೇರಿತ್ತು. ಅವನು ಅದರ ಮೇಲೆ ಕಣ್ಣು ಮುಚ್ಚಿ ಕೂತಿದ್ದ.

ಇಣುಕಣ್ಣ ಸೀಟಿಯನ್ನು ಮೊಳೆಗೆ ತೂಗುಹಾಕಿ, ಸೊಂಟ ಹಿಡಿದುಕೊಂಡು, ಬಹಳ ವರ್ಷಗಳಲ್ಲಿ ಮೊದಲ ಸಲ, ನಿಜವಾಗಿಯೂ ಕೂರಬೇಕೆಂದುಕೊಂಡ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದ ಸದ್ದಾಯಿತು.

“ಲೋ, ಯಾರು ಅಂತ ನೋಡೋ,” ಎಂದ ಬಾಮೈದನಿಗೆ.

“ನಾನು ಏಳೋ ಹಾಗಿಲ್ಲ ಭಾವ, ಅಭ್ಯಾಸ ತಪ್ಪುತ್ತೆ,” ಎಂದ ಅವನು ಕಣ್ಣು ಬಿಡದೆ.

ಒಳಗಿನಿಂದ ಹೆಂಡತಿಯ ದನಿ ಬಂತು. “ನೀವೇ ನೋಡ್ರೀ. ಹೇಗೂ ನಿಂತೇ ಇದ್ದೀರಲ್ಲ.”