ಬೈದು ಕಟ್ಟಿಸಿಕೊಳ್ಳುವ ಗಂಟು

ಕೆಲವರಿಗೆ ಹಲ್ಲಿ ಕಂಡರೆ ಆಗುವುದಿಲ್ಲ, ಕೆಲವರಿಗೆ ಬೀಗರು ಕಂಡರೆ ಆಗುವುದಿಲ್ಲ. ನನಗೆ ಗಂಟು ಕಂಡರೆ ಆಗುವುದಿಲ್ಲ. ಹೈದರಾಬಾದಿಗೆ ಹೋಗಿ ಬಿ.ಎ. ಮಾಡಿ ಬಂದವನು, ಶಹಾಬಾದಿನಲ್ಲಿ ನಾಲ್ಕು ಹುಡುಗರಿಗೆ ಬುದ್ಧಿ ಹೇಳಿ ಬದುಕುವವನು, ಇದನ್ನು ಬಾಯಿ ಬಿಟ್ಟು ಹೇಳಿಕೊಳ್ಳಬಾರದು. ಆದರೆ ಬಾಯಿ ಕಟ್ಟಿದ್ದು ಏನೇ ಕಣ್ಣಿಗೆ ಬೀಳಲಿ, ಕೈ ಸುಮ್ಮನಿರುವುದಿಲ್ಲ. ಜೋಳದ ಚೀಲ, ಅಗಸನ ಬಟ್ಟೆಯ ಗಂಟು, ರೈಲಿನಲ್ಲಿ ಪಕ್ಕದವರ ಹಾಸಿಗೆಯ ಸುರುಳಿ, ಎಲ್ಲವನ್ನೂ ಬಿಚ್ಚಿಬಿಡುತ್ತೇನೆ. ಬಿಚ್ಚಿ, ಒಳಗೆ ಇಣುಕಿ, ಜೋಳವಿದ್ದರೆ ಜೋಳವೇ ಎಂದು ಖಾತ್ರಿ ಮಾಡಿಕೊಂಡ ಮೇಲೆ ಉಸಿರು ಬರುತ್ತದೆ. ವಾಡಿ ಸ್ಟೇಷನ್ನಿನಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದೇ ಕಾರಣಕ್ಕೆ ನನ್ನನ್ನು ಪೊಲೀಸರ ಕೈಗೆ ಕೊಡುವುದರಲ್ಲಿದ್ದ. ಒಳಗೆ ಮನುಷ್ಯ ಇದ್ದಾನೇನೋ ನೋಡಿದೆ ಎಂದು ಅವನಿಗೆ ಹೇಗೆ ಹೇಳಲಿ? ಹೇಳಿದ್ದರೆ ಹುಚ್ಚಾಸ್ಪತ್ರೆಗೆ ಕೊಡುತ್ತಿದ್ದ.

ಮನೆಯಲ್ಲಿ ಈ ಚಟದ ಜಗಳವೆಲ್ಲ ಉಪ್ಪಿನಕಾಯಿ ಭರಣಿಯ ಸುತ್ತ ನಡೆಯುತ್ತದೆ. ನನ್ನ ಹೆಂಡತಿ ಸುಶೀಲಾ ಮಡಿಯಲ್ಲಿ ಮಾವಿನಕಾಯಿ ಹಾಕಿ, ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಇಡುತ್ತಾಳೆ. ನಾನು ಶಾಲೆಯಿಂದ ಬಂದವನೇ, ಕಾಲು ಸಹ ತೊಳೆಯದೆ, ಅದನ್ನು ಬಿಚ್ಚುತ್ತೇನೆ.

"ಅದು ನಮ್ಮಣ್ಣನ ಭರಣಿ ಅದರೀ. ಅವ ಬಂದ ಮ್ಯಾಲ ಬಿಚ್ಚೋದು. ಬೂಸ್ಟು ಹಿಡೀತು ಅಂದ್ರ ಅವನ ಎಲಿಗೆ ಏನು ಬಡಿಸ್ಲಿ, ನಿಮ್ಮ ಬಿ.ಎ. ಬಡಿಸ್ಲೇನು?"

ಅವಳ ಅಣ್ಣ ಭೀಮಸೇನ ನನ್ನ ಗೆಳೆಯನೂ ಹೌದು. ಅವನಿಗಾಗಿ ಆ ಭರಣಿಯನ್ನು ಹಳೆಯದು ತೆಗೆದು ಹೊಸದು ತುಂಬಿ ಇಡುತ್ತಲೇ ಬಂದಿದ್ದೇವೆ. ಅವನು ಬರುತ್ತಿಲ್ಲ. ನನ್ನ ಗಂಟಿನ ರೋಗಕ್ಕೂ ಅವನೇ ಮೂಲ.

ಭೀಮಸೇನ ಚಿತ್ತಾಪುರದ ಕಚೇರಿಯಲ್ಲಿ ನಕಲು ತೆಗೆಯುವ ಕಾರಕೂನನಾಗಿದ್ದ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರು ಬರೆದದ್ದನ್ನು ಉರ್ದುವಿನಲ್ಲಿ ಚುಕ್ಕೆ ಬಿಡದಂತೆ ಮತ್ತೆ ಬರೆಯುವುದು ಕೆಲಸ. ಮೂಲದಲ್ಲಿ ತಪ್ಪಿದ್ದರೆ ತಪ್ಪನ್ನೂ ಬರೆಯಬೇಕು. ಹೀಗಾಗಿ ಸ್ವಂತದ್ದು ಎಂಬ ಮಾತು ಕೇಳಿದರೆ ಸಾಕು, ಅವನ ಕಣ್ಣು ತುಂಬಿ ಬರುತ್ತಿತ್ತು. ಮನುಷ್ಯ ಮಾತ್ರ ಬೆಣ್ಣೆ. ಅಂಗಳಕ್ಕೆ ಬಂದ ನಾಯಿಯನ್ನು ಹಚಾ ಅಂದ ಮೇಲೆ "ಬ್ಯಾಸರ ಮಾಡ್ಕೋಬ್ಯಾಡಪಾ" ಎಂದು ಅದರ ಹಿಂದೆ ನಾಲ್ಕು ಹೆಜ್ಜೆ ಹೋಗುವವನು. ಇಂಥವನಿಗೆ ಜಾದೂ ಮಾಡುವ ಹುಚ್ಚು ಹತ್ತಿತು.

ಹುಚ್ಚು ಹಚ್ಚಿದವನು ಚಾಂದಸಾಬ. ಸುಗ್ಗಿ ಮುಗಿದ ಮೇಲೆ ಡಮರು ಬಾರಿಸುತ್ತ ಬರುತ್ತಿದ್ದ ಗಾರುಡಿಗ. ಅವನ ದೊಡ್ಡ ಆಟ ಕಾಗಿಣಾ ನದಿಯ ಮಡುವಿನಲ್ಲಿ. ತಾನು ಗೋಣಿಚೀಲದೊಳಗೆ ಇಳಿದು, ನೋಡುವವರಲ್ಲೇ ಒಬ್ಬನಿಂದ ಬಾಯಿ ಕಟ್ಟಿಸಿಕೊಂಡು ನೀರಿಗೆ ಬೀಳುತ್ತಿದ್ದ. ಎಲ್ಲರ ಎದೆ ನಿಂತ ಮೇಲೆ ಆಚೆ ಎಲ್ಲೋ ತಲೆ ಎತ್ತಿ, ಖಾಲಿ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದ. ಆದರೆ ಚೀಲ ಕಟ್ಟಲು ಬಂದವನನ್ನು ಒಳಗಿನಿಂದಲೇ ಅವನು ಬೈಯುತ್ತಿದ್ದ ರೀತಿ ಇದೆಯಲ್ಲ, ಕೇಳಲಾಗುತ್ತಿರಲಿಲ್ಲ. "ಏ ಖೋಡಿ, ನಿಮ್ಮವ್ವ ನಿನಗ ಹಾಲು ಕುಡಿಸ್ಯಾಳೋ ಮಜ್ಜಿಗಿ ಕುಡಿಸ್ಯಾಳೋ? ಇದು ಗಂಟೋ, ಮುದುಕಿ ಹಲ್ಲೋ?" ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಟ್ಟುವವನ ಮುಖ ಮಾತ್ರ ಕೆಂಪಾಗುತ್ತಿತ್ತು.

ಭೀಮಸೇನ ದಡದ ಮೇಲೆ ಕೂತು ನೋಡಿ ನೋಡಿ ಗುಟ್ಟು ಹಿಡಿದ. ಒಂದು ದಿನ ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದ: "ಮಾಸ್ತರ್, ಮುಷ್ಟಿ. ಚೀಲದ ಬಾಯಿಯಾಗ ಒಳಗಿಂದ ಮುಷ್ಟಿ ಇಟ್ಟಿರ್ತಾನ. ಹೊರಗಿನವ ಅದರ ಮ್ಯಾಲೇ ಬಿಗೀತಾನ. ನೀರಿಗೆ ಬಿದ್ದ ಮ್ಯಾಲ ಮುಷ್ಟಿ ತಗದ್ರ ಗಂಟು ಸಡ್ಲ."

"ಛಲೋ ಆತಲ್ಲ. ಇನ್ನು ಚಾಂದಸಾಬನ ಕಾಲು ಹಿಡಿದು ಕಲೀರಿ."

"ಕಲಿಯೂದಾ? ಕಚೇರಿಯಾಗೂ ನಕಲು, ಹೊಳಿಯಾಗೂ ನಕಲೇನು? ಗುಟ್ಟು ನಾನೇ ಕಂಡುಹಿಡಿದೀನಿ, ಆಟನೂ ನಂದೇ ಇರ್ತದ. ಆ ಹೊಲಸು ಬೈಗಳ ತಗದು ಹಾಕ್ತೀನಿ. ಶಾಂತ ಇರ್ತದ ನೋಡ್ರಿ, ಪೂಜಾ ಮಾಡಿಧಂಗ."

ನನಗೂ ಅದು ಸರಿಯೆನಿಸಿತು. ನಾನಾದರೂ ದಿನಾ ಹುಡುಗರಿಗೆ ಹೇಳುವುದೇನು? ಪ್ರಬಂಧವನ್ನು ಸ್ವಂತ ವಾಕ್ಯಗಳಲ್ಲಿ ಬರೆಯಿರಿ ಎಂದು ತಾನೆ? ಈ ಮಾತನ್ನು ನನಗೆ ನನ್ನ ಮಾಸ್ತರರು ಹೇಳಿದ್ದರು, ಅವರಿಗೆ ಅವರ ಮಾಸ್ತರರು.

ಸಂತೆಯ ದಿನ ಮಡುವಿನ ದಂಡೆಯಲ್ಲಿ ಜನ ಸೇರಿದರು. ಭೀಮಸೇನ ಬಿಳಿ ಶೇರವಾನಿ ಹಾಕಿಕೊಂಡು ಎಲ್ಲರಿಗೂ ಕೈ ಮುಗಿದ. ಒಂದು ಉದ್ದನೆಯ ಹಗ್ಗವನ್ನು ಚೀಲಕ್ಕೆ ಕಟ್ಟಿ ತುದಿಯನ್ನು ನನ್ನ ಕೈಗೆ ಕೊಟ್ಟಿದ್ದರು. ಅದು ಸುಶೀಲಾಳ ಹಟ. ಹಗ್ಗವಿಲ್ಲದಿದ್ದರೆ ತಾನೂ ಹಿಂದೆಯೇ ಹಾರುತ್ತೇನೆ ಎಂದಿದ್ದಳು. ಚೀಲ ಕಟ್ಟಲು ಜನ ಮುಂದೆ ತಳ್ಳಿದ್ದು ಶರಣಪ್ಪನನ್ನು. ಅಡತಿ ಅಂಗಡಿಯ ಹಮಾಲ, ದಿನವಿಡೀ ಚೀಲ ಕಟ್ಟುವವನು.

"ಬಾರಪಾ ಶರಣಪ್ಪ. ನಿನ್ನ ಕೈಲೇ ಆಗಲಿ. ಅವಸರ ಇಲ್ಲ, ಸಮಾಧಾನದಿಂದ ಕಟ್ಟು" ಎಂದ ಭೀಮಸೇನ, ಚೀಲದೊಳಗೆ ಕೂರುತ್ತ.

ಶರಣಪ್ಪನನ್ನು ಕಚೇರಿಯವರು ಯಾರೂ ಅಷ್ಟು ಮರ್ಯಾದೆಯಿಂದ ಮಾತಾಡಿಸಿರಲಿಲ್ಲವೆಂದು ಕಾಣುತ್ತದೆ. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. ಚೀಲದ ಬಾಯಿಯನ್ನು ಮದುವೆ ಸೀರೆಯ ನಿರಿಗೆಯಂತೆ ಮಡಿಕೆ ಮಡಿಕೆಯಾಗಿ ಕೂಡಿಸಿದ. ನಡುವೆ ಮುಷ್ಟಿ ಅಡ್ಡ ಬಂತು. "ರಾಯರ, ಕೈ ಒಳಗ ತಗೋರಿ. ಹಗ್ಗದಾಗ ಸಿಕ್ಕರ ನೋವಾಗ್ತದ" ಎಂದ.

ಅಷ್ಟು ಪ್ರೀತಿಯಿಂದ ಹೇಳಿದವನಿಗೆ ಇಲ್ಲ ಅನ್ನುವುದು ಭೀಮಸೇನನ ವಂಶದಲ್ಲೇ ಇಲ್ಲ. ಕೈ ಒಳಗೆ ಹೋಯಿತು.

ಅದು ಹೋದದ್ದನ್ನು ನಾನು ನೋಡಿದೆ. ಈಗಲೂ ಪಾಠದ ನಡುವೆ, ಊಟದ ನಡುವೆ ನೋಡುತ್ತೇನೆ: ಬೆರಳುಗಳು ಒಂದೊಂದಾಗಿ ಗೋಣಿಯೊಳಗೆ ಇಳಿಯುತ್ತವೆ. ಇದೂ ಅವನ ಹೊಸ ಉಪಾಯವಿರಬೇಕು ಎಂದುಕೊಂಡು ನಿಂತೆ. ಚೀಲ ನೀರಿಗೆ ಬಿತ್ತು. ಗುಳ್ಳೆಗಳು ಬಂದವು. ಜನ ಚಪ್ಪಾಳೆ ತಟ್ಟಿದರು. ಗುಳ್ಳೆಗಳು ನಿಂತವು. ಹಗ್ಗ ನನ್ನ ಕೈಯಲ್ಲಿ ಒಮ್ಮೆ ಜಗ್ಗಿತು, ಮತ್ತೆ ಜಗ್ಗಿತು, ಆಮೇಲೆ ಜಗ್ಗಲಿಲ್ಲ. ನಾನು ಕೂಗಿದೆನಂತೆ, ನೆನಪಿಲ್ಲ. ಎಲ್ಲರೂ ಎಳೆದರು. ಚೀಲ ನನ್ನ ಕಾಲ ಬುಡದಲ್ಲಿ ಕಲ್ಲಿನ ಮೇಲೆ ಬಂದು ಬಿದ್ದು, ಮೀನಿನಂತೆ ಹೊರಳಾಡಿ, ಸುಮ್ಮನಾಯಿತು. ಒಳಗೆ ಅವನಿದ್ದಾನೆ, ಹೊರಗೆ ನಾನಿದ್ದೇನೆ, ನಡುವೆ ಒಂದು ಗಂಟು. ನೀರು ಕುಡಿದು ಕಲ್ಲಾದ ಗಂಟು. ಉಗುರು ಹಾಕಿದೆ, ಹಲ್ಲು ಹಾಕಿದೆ. ಮುಂದಿನ ಹಲ್ಲು ಮುರಿದು ಕೈಗೆ ಬಂತು, ಗಂಟು ಬರಲಿಲ್ಲ. ಶರಣಪ್ಪ ನನ್ನನ್ನು ಆಚೆ ನೂಕಿ, ಯಾವುದೋ ಒಂದು ತುದಿ ಹಿಡಿದು ಎಳೆದ. ಬಿಚ್ಚಿಕೊಂಡಿತು.

ಭೀಮಸೇನ ನೀಲಿಯಾಗಿದ್ದ. ಬೋರಲು ಹಾಕಿ ಬೆನ್ನು ಗುದ್ದಿದ ಮೇಲೆ ನೀರು ಕಾರಿ, ಕಣ್ಣು ಬಿಟ್ಟು, ಎದುರಿಗೆ ಅಳುತ್ತ ನಿಂತಿದ್ದ ಶರಣಪ್ಪನನ್ನು ನೋಡಿದ. "ಭಾಳ ಛಂದ ಕಟ್ಟಿದ್ದ್ಯಪಾ" ಎಂದ. "ಬ್ಯಾಸರ ಮಾಡ್ಕೋಬ್ಯಾಡ."

ಮುಂದಿನ ಸುಗ್ಗಿಗೆ ಚಾಂದಸಾಬ ಬಂದಾಗ ನಾವಿಬ್ಬರೂ ಹೋಗಿ ಎದುರು ಕೂತೆವು. ಭೀಮಸೇನ ಎಲ್ಲ ಹೇಳಿ, ಕೊನೆಗೆ ಕೇಳಿದ: "ಉಸ್ತಾದ್, ಬೈದ್ರ ಮನುಷ್ಯಾಗ ಸಿಟ್ಟು ಬರ್ತದ, ಸಿಟ್ಟಿಗೆದ್ದವ ಮುಷ್ಟಿ ನೋಡಂಗಿಲ್ಲ, ಜೋರು ಮಾಡಿ ಅಡ್ಡಾದಿಡ್ಡಿ ಕಟ್ತಾನ. ಅದಕ್ಕೇ ಬೈತೀರಿ, ಹೌದಲ್ಲ?"

ಚಾಂದಸಾಬ ಬೀಡಿ ಆರಿಸಿದ. "ಹಂಗಂತೀರಿ? ಇರಬಹುದ್ರಿ. ನಮ್ಮ ಉಸ್ತಾದ್ ಬೈತಿದ್ರು, ನಾ ಬೈತೀನಿ. ಯಾಕ್ ಬೈತೀರಂತ ಒಂದ್ಸಲ ಕೇಳ್ದೆ. ನನಗೂ ಬೈದ್ರು."

ಭೀಮಸೇನ ನಕ್ಕ. ನೀರಿನಿಂದ ಎದ್ದು ಬಂದ ಮೇಲೆ ಅವನು ನಕ್ಕದ್ದನ್ನು ನಾನು ಆಗಲೇ ನೋಡಿದ್ದು. ಸ್ವಲ್ಪ ದಿನಕ್ಕೆ ಕಚೇರಿ ಬಿಟ್ಟ, ಚಾಂದಸಾಬನ ಬಂಡಿ ಹತ್ತಿದ. "ಒಂದು ನಕಲು ಬಿಟ್ಟು ಇನ್ನೊಂದು ನಕಲಿಗೆ ಹೊಂಟೀನಿ ಮಾಸ್ತರ್. ಇದರಾಗ ಉಸಿರದ" ಎಂದು ಹೇಳಿ ಹೋದ. ಸೇಡಂ ಕಡೆಯಿಂದ, ಚಿಂಚೋಳಿ ಕಡೆಯಿಂದ ಬಂದವರು ಮೊದಮೊದಲು ಸುದ್ದಿ ತರುತ್ತಿದ್ದರು. ಅವನೂ ಸುಗ್ಗಿಗೆ ಬಂದು ಉಪ್ಪಿನಕಾಯಿ ತಿಂದು ಹೋಗುತ್ತಿದ್ದ. ಆಮೇಲೆ ಸುದ್ದಿಯೂ ನಿಂತಿತು, ಅವನೂ ಬರಲಿಲ್ಲ.

ಈ ವರ್ಷ ಗಲಭೆಯಿಂದಾಗಿ ರಸ್ತೆಗಳು ಸರಿಯಿಲ್ಲ. ಬಂಡಿಗಳು ಒಂಟಿಯಾಗಿ ಹೋಗುವುದಿಲ್ಲ. ರೈಲಿನಲ್ಲಿ ಜನ ಮಾತಾಡುವ ಮುಂಚೆ ಎದುರಿಗಿದ್ದವನ ಟೊಪ್ಪಿಗೆ ನೋಡುತ್ತಾರೆ. ಒಬ್ಬ ಗಡ್ಡದವನು, ಒಬ್ಬ ನಾಮದವನು ಒಂದೇ ಬಂಡಿಯಲ್ಲಿ ಕೂತಿದ್ದನ್ನು ಕಂಡರೆ ಈಗ ಎರಡೂ ಕಡೆಯವರಿಗೆ ಸಿಟ್ಟು ಬರುತ್ತದೆ. ಸಿಟ್ಟಿನಲ್ಲಿ ಬಿಗಿದ ಗಂಟು ಸಡಿಲ ಎನ್ನುವುದು ಚೀಲಕ್ಕೆ ಮಾತ್ರ ನಿಜವೋ ಏನೋ. ಎಲ್ಲಿ ಡಮರು ಕೇಳಿದರೂ ಓಡುತ್ತೇನೆ. ಮಾಸ್ತರರಿಗೆ ಮಂಗನ ಆಟ ಅಂದರೆ ಪ್ರಾಣ ಎಂದು ಊರವರು ಮಾತಾಡಿಕೊಳ್ಳುತ್ತಾರೆ.

ಮೊನ್ನೆ ವಾಡಿಯಲ್ಲಿ ಡಮರು ಕೇಳಿ ಓಡಿದೆ. ಅವನಲ್ಲ. ತಾಂಡೂರು ಕಡೆಯ ಮಾತಿನ, ನರೆತ ಮೀಸೆಯ ಯಾರೋ. ನೀರಿಲ್ಲದ ಕಡೆ ಅದೇ ಚೀಲದ ಆಟ, ಮಡುವಿನ ಬದಲು ಮೇಲೊಂದು ಚಾದರ. ಕಟ್ಟಲು ಒಬ್ಬರು ಬೇಕೆಂದಾಗ ಜನ ನನ್ನನ್ನೇ ತಳ್ಳಿದರು. ಹಗ್ಗ ಹಿಡಿದೆ. ಚೀಲದೊಳಗಿನಿಂದ ದನಿ ಬಂತು: "ಏ ಖೋಡಿ, ನಿಮ್ಮವ್ವ ಹಾಲು ಕುಡಿಸ್ಯಾಳೋ ಮಜ್ಜಿಗಿ ಕುಡಿಸ್ಯಾಳೋ? ಇದು ಗಂಟೋ, ಮುದುಕಿ ಹಲ್ಲೋ?" ಜನ ನನ್ನ ಹಲ್ಲು ಮುರಿದ ಬಾಯಿ ನೋಡಿ ಇನ್ನಷ್ಟು ನಕ್ಕರು. ಅಷ್ಟರಲ್ಲಿ ಅದೇ ದನಿ, ಸ್ವಲ್ಪ ತಗ್ಗಿ, "ಬ್ಯಾಸರ ಮಾಡ್ಕೋಬ್ಯಾಡ" ಎಂದಿತು.

ನಾನು ಏನು ಕಟ್ಟಿದೆನೋ ತಿಳಿಯದು. ಆಟ ಮುಗಿದ ಮೇಲೆ ಅವನ ತೋಳು ಹಿಡಿದುಕೊಂಡೆ. ಬೈದ ಮೇಲೆ ಅದೊಂದು ಮಾತು ಯಾಕೆ ಹೇಳುತ್ತೀ ಎಂದು ಕೇಳಿದೆ.

"ಯಾಕಂತ ಗೊತ್ತಿಲ್ರಿ. ಭೀಮ್ ಉಸ್ತಾದ್ ಹಿಂಗೇ ಅಂತಿದ್ರು. ಅದೂ ಆಟದಾಗಿಂದೇ ಅದ."

"ಈಗ ಎಲ್ಲಿದ್ದಾರ?"

"ಚಿಂಚೋಳಿ ಅಡವಿ ಕಡೆ ಬಿಟ್ಟು ಬಂದೆ, ಮಳಿಗಾಲಕ್ಕ ಮೊದಲ. ದೊಡ್ಡ ಉಸ್ತಾದ್ ಚಾಂದಸಾಬಗ ಕಾಲು ನಡ್ಯಂಗಿಲ್ಲ. ಅವರನ್ನ ಬಿಟ್ಟು ಹ್ಯಾಂಗ ಬರ್ಲಿ ಅಂದ್ರು. ದಾರಿ ತೆರೀಲಿ, ಬರ್ತಾರ."

ಮನೆಗೆ ಬಂದು ಸುಶೀಲಾಳಿಗೆ ಹೇಳಿದೆ. ಅವಳು ಸ್ನಾನ ಮಾಡಿ ಬಂದು, ಭರಣಿಯನ್ನು ಕೆಳಗಿಳಿಸಿ, ಹೊಸ ಬಟ್ಟೆ ಹಾಕಿ ಕಟ್ಟತೊಡಗಿದಳು. ಬಹಳ ಜೋಪಾನವಾಗಿ, ಮಡಿಕೆ ಮಡಿಕೆಯಾಗಿ. ನನಗೆ ಆ ಕೈ ನೋಡಲಾಗಲಿಲ್ಲ. ಗಂಟು ಸ್ವಲ್ಪ ಸಡಿಲಾಗಲಿ ಎಂದು, "ಇದು ಗಂಟೋ, ಮುದುಕಿ ಹಲ್ಲೋ?" ಎಂದೆ.

ಅವಳು ತಲೆ ಎತ್ತಿದಳು. "ಅದು ಚಾಂದಸಾಬಂದು. ಸ್ವಂತದ್ದೊಂದು ಬೈಗಳಾದ್ರೂ ಬರ್ತದೇನ್ರಿ ನಿಮಗ?"

ಬಿ.ಎ. ಮಾಡಿದವನು, ಸ್ವಂತ ವಾಕ್ಯಗಳಲ್ಲಿ ಬರೆಯಿರಿ ಎಂದು ದಿನಾ ಹೇಳುವವನು, ನಿಂತು ನಿಜವಾಗಿಯೂ ಹುಡುಕಿದೆ. ಒಂದೂ ಇರಲಿಲ್ಲ.

"ಬ್ಯಾಸರ ಮಾಡ್ಕೋಬ್ಯಾಡ" ಎಂದೆ.

ಬಾಯಿಂದ ಬಿದ್ದ ಮೇಲೆ ತಿಳಿಯಿತು, ಅದೂ ನನ್ನದಲ್ಲವೆಂದು. ಅವಳಿಗೂ ತಿಳಿದಿರಬೇಕು. ಮುಖವನ್ನು ಭರಣಿಯ ಕಡೆ ತಿರುಗಿಸಿಕೊಂಡು, ಕಟ್ಟಿ ಮುಗಿದ ಗಂಟನ್ನೇ ಮತ್ತೆ ಬಹಳ ಹೊತ್ತು ಕಟ್ಟುತ್ತ ಕೂತಳು.